ರೇವಾಲ್ ಕುದುರೆಯ ಕ್ಯಾಂಟರ್

ಮಗಳೇ, ನಿನ್ನ ಕುದುರೆ ಕಾಜಲ್‌ಗೆ ಕ್ಯಾಂಟರ್ ಕಲಿಸಬೇಕೆಂದರೆ ಮೊದಲು ನೀನು ಹಿಮ್ಮಡಿ ಒತ್ತುವುದನ್ನು ನಿಲ್ಲಿಸು. ನೀನು ಒತ್ತುತ್ತೀಯ, ಅವಳು ತನ್ನ ನಡಿಗೆಯಾದ ರೇವಾಲ್‌ನಲ್ಲೇ ಜೋರು ಮಾಡುತ್ತಾಳೆ. ಇನ್ನೂ ಒತ್ತುತ್ತೀಯ, ಇನ್ನೂ ಜೋರು. ತಲೆ ಮೇಲೇರುತ್ತದೆ, ಬೆನ್ನು ಕೆಳಗೆ ಕುಸಿಯುತ್ತದೆ, ನೀನು ಇನ್ನೇನು ಬಂತು, ಇನ್ನೇನು ಬಂತು ಎಂದು ಕಾಯುತ್ತಲೇ ಇರುತ್ತೀಯ. ರೈಡಿಂಗ್ ಸ್ಕೂಲಿನಲ್ಲಿ ನೀನು ಹತ್ತಿ ಕಲಿತದ್ದು ತರೋಬ್ರೆಡ್ ಕುದುರೆ. ಅದನ್ನು ಟ್ರಾಟ್‌ನಲ್ಲಿ ಸ್ವಲ್ಪ ತಳ್ಳಿದರೆ ಸಾಕು, ತಾಳ ತಪ್ಪಿ ಕ್ಯಾಂಟರ್‌ಗೆ ಬೀಳುತ್ತದೆ. ಒಳ್ಳೆಯ ರೇವಾಲ್ ಕುದುರೆಗೆ ತಾಳ ತಪ್ಪುವುದಿಲ್ಲ. ವೇಗ ಏರಿದಷ್ಟೂ ಅದೇ ತಾಳ ಬಿಗಿಯಾಗುತ್ತದೆ. ಅದಕ್ಕೇ ಅಲ್ಲವೇ ನೀನು ಅಷ್ಟು ದುಡ್ಡು ಕೊಟ್ಟು ತಂದದ್ದು? ಇಂಥ ಕುದುರೆಯಿಂದ ಕ್ಯಾಂಟರ್ ಬೇಕಿದ್ದರೆ ವೇಗ ಇಳಿಸಿ ಕೇಳಬೇಕು. ನಾನು ಹೇಳುವುದೆಲ್ಲ ಈ ಒಂದು ಮಾತಿನ ಸುತ್ತಲೇ.

ಕಾಲಿನ ಲೆಕ್ಕ ಸ್ವಲ್ಪ ಗಮನವಿಟ್ಟು ಕೇಳು, ಇದು ಗೊತ್ತಿಲ್ಲದೆ ಮುಂದಿನದು ತಲೆಗೆ ಹತ್ತುವುದಿಲ್ಲ. ರೇವಾಲ್‌ನಲ್ಲಿ ಒಂದೇ ಪಕ್ಕದ ಹಿಂಗಾಲು ಮುಂಗಾಲು ಒಂದರ ಬೆನ್ನಿಗೊಂದು ಬೀಳುತ್ತವೆ: ಎಡ ಹಿಂದೆ, ಎಡ ಮುಂದೆ, ಬಲ ಹಿಂದೆ, ಬಲ ಮುಂದೆ. ವೇಗ ಹೆಚ್ಚಾದಂತೆ ಪಕ್ಕದ ಎರಡು ಕಾಲುಗಳ ನಡುವಿನ ಅಂತರ ಕಡಿಮೆಯಾಗುತ್ತ, ಎರಡೂ ಹೆಚ್ಚುಕಡಿಮೆ ಜೊತೆಯಲ್ಲೇ ಏಳುತ್ತವೆ. ಯಾವ ಹೊತ್ತಿಗೂ ಒಂದಲ್ಲ ಒಂದು ಕಾಲು ನೆಲದ ಮೇಲಿರುವುದರಿಂದ ಮೇಲೆ ಕೂತವರಿಗೆ ಕುಲುಕು ಇಲ್ಲ. ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು ಓಡಿಸಿ ತೋರಿಸುತ್ತಾರಲ್ಲ, ಅದು ಸಾಧ್ಯವಾಗುವುದು ಹೀಗೆ.

ಕ್ಯಾಂಟರ್‌ನದು ಮೂರು ಪೆಟ್ಟು. ಬಲಗಾಲು ಮುಂದಿಡುವ ಕ್ಯಾಂಟರ್ ತೆಗೆದುಕೊ. ಮೊದಲು ಎಡ ಹಿಂಗಾಲು. ಆಮೇಲೆ ಬಲ ಹಿಂಗಾಲು ಮತ್ತು ಎಡ ಮುಂಗಾಲು ಒಟ್ಟಿಗೆ. ಕೊನೆಗೆ ಬಲ ಮುಂಗಾಲು. ಅದಾದ ಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಚಣ. ನಡುವಿನ ಪೆಟ್ಟು ನೋಡು: ಅಲ್ಲಿ ಓರೆಯಾಗಿ ಎದುರಾಗಿರುವ ಎರಡು ಕಾಲು ಜೋಡಿಯಾಗಿ ಇಳಿಯಬೇಕು. ಈ ಓರೆಜೋಡಿ ಟ್ರಾಟ್ ಮಾಡುವ ಕುದುರೆಗೆ ದಿನಬಳಕೆಯ ವಿಷಯ. ನಿನ್ನ ಕಾಜಲ್ ತಡಿ ಹೊತ್ತಾಗಲೆಲ್ಲ ಮಾಡಿರುವುದು ಪಕ್ಕಜೋಡಿ. ಅವಳಿಗೆ ನೀನು ಕಲಿಸಬೇಕಾದದ್ದು ವೇಗವನ್ನಲ್ಲ, ಓರೆಜೋಡಿಯನ್ನು. ವೇಗ ಅವಳ ಹತ್ತಿರ ಬೇಕಾದಷ್ಟಿದೆ.

ಇದರ ಜೊತೆಗೆ ಅವಳು ಕಲಿತು ಬಂದಿರುವ ಇನ್ನೊಂದು ಪಾಠ ಇದೆ. ಸಾರಂಗಖೇಡಾದಂಥ ಜಾತ್ರೆಯಲ್ಲಿ, ತಾಪಿ ನದಿಯ ದಂಡೆಯ ಮೇಲೆ, ದತ್ತಜಯಂತಿಯ ಹೊತ್ತಿಗೆ ಮಾರಾಟಕ್ಕೆ ಬರುವ ಕುದುರೆಗಳನ್ನು ಸವಾರರು ಹೇಗೆ ತೋರಿಸುತ್ತಾರೆ ನೀನೇ ನೋಡಿದ್ದೀಯ. ತಡಿಯ ಹಿಂಭಾಗಕ್ಕೆ ಸರಿದು ಕೂತಿರುತ್ತಾರೆ, ಕಾಲು ಮುಂದಕ್ಕೆ ಚಾಚಿರುತ್ತದೆ, ಕೈ ಎದೆಮಟ್ಟಕ್ಕೆ ಎತ್ತಿರುತ್ತದೆ, ಕುದುರೆಯ ಕತ್ತು ನೆಟ್ಟಗೆ ನಿಂತಿರುತ್ತದೆ. ರೇವಾಲ್‌ಗೆ ಹಾಗೆ ಕೂರುವುದು ಸರಿಯೇ. ರೇವಾಲ್ ಮುರಿದು ಹಾರಿದ ಕುದುರೆಯ ಬೆಲೆ ಅಲ್ಲಿ ಬಿದ್ದುಹೋಗುತ್ತದೆ, ಪಂದ್ಯವಾದರೆ ಸೋಲು. ಹಾಗಾಗಿ ಮರಿಯಾಗಿದ್ದಾಗಿನಿಂದ, ಸವಾರ ಮೇಲಿರುವಾಗ ಕ್ಯಾಂಟರ್‌ಗೆ ಎದ್ದಾಗಲೆಲ್ಲ ಬಾಯಿಗೆ ಒಂದು ಜಗ್ಗು ಬಿದ್ದಿರುತ್ತದೆ. ಕಡಿವಾಣ ಮುಳ್ಳಿನದಾಗಿದ್ದರೆ ಆ ಜಗ್ಗು ಹೇಗಿರುತ್ತದೆ ಎಂದು ಯೋಚಿಸು. ಮುಳ್ಳು ಕಡಿವಾಣವನ್ನು ಪ್ರಾಣಿಹಿಂಸೆ ತಡೆಯುವ 1965ರ ನಿಯಮಗಳೇ ನಿಷೇಧಿಸಿವೆ, ಆದರೂ ಜಾತ್ರೆಯ ಅಂಗಡಿಗಳಲ್ಲಿ ನೇತಾಡುತ್ತಿರುತ್ತದೆ. ಕುದುರೆಯ ಜೊತೆಗೆ ನಿನಗೆ ಅದನ್ನೂ ಕಟ್ಟಿಕೊಟ್ಟಿದ್ದರೆ ಇವತ್ತೇ ಗುಜರಿಗೆ ಹಾಕು. ದಪ್ಪನೆಯ, ನಯವಾದ, ಮಧ್ಯದಲ್ಲಿ ಕೀಲಿರುವ ಸಾದಾ ಕಡಿವಾಣ ಸಾಕು.

ಈಗ ಅವಳ ಕಡೆಯಿಂದ ನೋಡು. ಹಿಮ್ಮಡಿಯಲ್ಲಿ ನೀನು ‘ಹೋಗು’ ಅನ್ನುತ್ತೀಯ. ಅವಳ ಅನುಭವ ‘ಹಾರಿದರೆ ಬಾಯಿ ನೋಯುತ್ತದೆ’ ಅನ್ನುತ್ತದೆ. ಎರಡನ್ನೂ ಪಾಲಿಸಲು ಅವಳಿಗಿರುವ ದಾರಿ ಒಂದೇ, ರೇವಾಲ್‌ನಲ್ಲೇ ಇನ್ನಷ್ಟು ಜೋರಾಗಿ ಹೋಗುವುದು. ಇದನ್ನು ಮೊಂಡುತನ ಅನ್ನಬೇಡ.

ಕ್ಯಾಂಟರ್ ಕಲಿಸಿದರೆ ರೇವಾಲ್ ಕೆಡುತ್ತದೆ ಎಂದು ಕುದುರೆ ಮಾರಿದವನು ನಿನ್ನನ್ನು ಹೆದರಿಸಿದ್ದಾನೆ. ಆ ಹೆದರಿಕೆ ಪೂರ್ತಿ ಸುಳ್ಳಲ್ಲ. ಎರಡನ್ನೂ ಕಲಸುಮೇಲೋಗರ ಮಾಡಿ ಕೇಳಿದರೆ ಎರಡೂ ಕೆಡುತ್ತವೆ. ಆದರೆ ಅಮೆರಿಕದ ಟೆನೆಸ್ಸೀ ವಾಕಿಂಗ್ ಹಾರ್ಸ್ ತಳಿಯನ್ನು ನೋಡು. ಅದೂ ಕುಲುಕಿಲ್ಲದ ನಡಿಗೆಗೇ ಹೆಸರಾದದ್ದು. ಅದರಿಂದ ಕೇಳುವುದು ಮೂರು: ನಿಧಾನದ ನಡಿಗೆ, ರನ್ನಿಂಗ್ ವಾಕ್, ಮತ್ತೆ ಕ್ಯಾಂಟರ್. ಆ ಕ್ಯಾಂಟರ್ ತೂಗುಕುರ್ಚಿಯಂತಿರುತ್ತದೆ ಎಂದು ಅಲ್ಲಿನವರು ಮೆರೆಯುತ್ತಾರೆ. ಐಸ್‌ಲ್ಯಾಂಡಿನ ಪುಟ್ಟ ಕುದುರೆಗಳಲ್ಲಿ ಐದು ನಡಿಗೆ ಬಲ್ಲವು ಇವೆ: ನಡೆ, ಟ್ರಾಟ್, ಕ್ಯಾಂಟರ್, ಅದರ ಮೇಲೆ ಕುಲುಕಿಲ್ಲದ ಟೋಲ್ಟ್, ಪಕ್ಕಜೋಡಿಯಲ್ಲಿ ಓಡುವ ವೇಗದ ಪೇಸ್. ಐದೂ ಒಂದೇ ಮೈಯಲ್ಲಿ ಇರುತ್ತವೆ.

ಹಾಗೆಂದು ಎಲ್ಲ ಕುದುರೆಗೂ ಸಮನಾಗಿ ಸುಲಭ ಅಂತ ಅಲ್ಲ. 2012ರಲ್ಲಿ ಸ್ವೀಡನ್ನಿನ ಉಪ್ಸಾಲದ ಸಂಶೋಧಕರು ಐಸ್‌ಲ್ಯಾಂಡ್ ಕುದುರೆಗಳಲ್ಲಿ ಡಿಎಂಆರ್‌ಟಿ3 ಎಂಬ ಜೀನಿನ ಒಂದು ಬದಲಾವಣೆಯನ್ನು ಗುರುತಿಸಿದರು. ಬೆನ್ನುಹುರಿಯಲ್ಲಿ ಕೂತು ಎಡಗಾಲು ಬಲಗಾಲುಗಳ ಹೊಂದಾಣಿಕೆ ನೋಡಿಕೊಳ್ಳುವ ನರಕೋಶಗಳ ಮೇಲೆ ಅದರ ಪ್ರಭಾವ. ತಂದೆ ತಾಯಿ ಇಬ್ಬರಿಂದಲೂ ಆ ಬದಲಾವಣೆ ಪಡೆದ ಕುದುರೆ ಪೇಸ್‌ನಲ್ಲಿ ಮುಂದು, ಕ್ಯಾಂಟರ್‌ನಲ್ಲಿ ಸಾಮಾನ್ಯವಾಗಿ ಹಿಂದು. ಅಂಥ ಕುದುರೆಗೆ ಸೋಮಾರಿ ಎಂದು ಬೈದರೆ ಏನು ಬಂತು? ಕಾಜಲ್‌ಗೆ ರಕ್ತಪರೀಕ್ಷೆ ಮಾಡಿಸು ಎಂದು ನಾನು ಹೇಳುತ್ತಿಲ್ಲ. ಪ್ಯಾಡಕ್‌ನಲ್ಲಿ ಬಿಚ್ಚಿ ಬಿಟ್ಟರೆ ಅವಳೇ ಹೇಳುತ್ತಾಳೆ.

ಬೆಳಗ್ಗೆ ಮೇವಿಗೆ ಮುಂಚೆ ಬಿಡು, ಆಗ ಕುಣಿಯುತ್ತಾಳೆ. ಫೋನಿನಲ್ಲಿ ಸ್ಲೋ ಮೋಷನ್ ಹಾಕಿ ಪಕ್ಕದಿಂದ ಚಿತ್ರ ತೆಗೆ. ಆಮೇಲೆ ನೆರಳಲ್ಲಿ ಕೂತು ಒಂದೊಂದೇ ಚೌಕಟ್ಟು ಸರಿಸಿ ನೋಡು: ಒಳಗಿನ ಹಿಂಗಾಲೂ ಹೊರಗಿನ ಮುಂಗಾಲೂ ಒಂದೇ ಚೌಕಟ್ಟಿನಲ್ಲಿ ದೂಳು ಎಬ್ಬಿಸಿದರೆ ಅದು ನಿಜವಾದ ಕ್ಯಾಂಟರ್. ಮುಂಗಾಲಿನ ದೂಳು ಮೊದಲೆದ್ದು ಹಿಂಗಾಲಿನದು ಆಮೇಲೆ ಎದ್ದರೆ ಅಥವಾ ಹಿಂದುಮುಂದಾದರೆ ನಾಲ್ಕು ಪೆಟ್ಟಿನದು. ಎಡಕ್ಕೆ ತಿರುಗುವಾಗ ಎಡಗಾಲು ಮುಂದಿಡುತ್ತಾಳೋ, ಬಲಕ್ಕೆ ಬಲಗಾಲೋ, ಅದನ್ನೂ ಬರೆದಿಟ್ಟುಕೊ. ಬಿಟ್ಟಾಗ ಕೆಲವು ಹೆಜ್ಜೆಯಾದರೂ ಮೂರು ಪೆಟ್ಟು ಸರಿಯಾಗಿ ಬರುವ ಕುದುರೆಗೆ ತಡಿಯ ಕೆಳಗೂ ಬರುತ್ತದೆ. ಬಿಟ್ಟಾಗಲೂ ಬಾರದಿದ್ದರೆ ಹತ್ತುವ ಮಾತು ಸದ್ಯಕ್ಕೆ ಬೇಡ, ನೆಲದ ಮೇಲಿನ ಕೆಲಸವೇ ಹೆಚ್ಚು ದಿನ ನಡೆಯಲಿ.

ಬಿಟ್ಟಾಗ ಬರುತ್ತದೆ, ತಡಿ ಹಾಕಿದಾಗ ಬರುವುದಿಲ್ಲ ಅಂದರೆ ಮೊದಲ ಅನುಮಾನ ತಡಿಯ ಮೇಲೆ. ಇವಳ ಬೆನ್ನು ತರೋಬ್ರೆಡ್ ಬೆನ್ನಲ್ಲ. ಸ್ಕೂಲಿನ ಹಳೆಯ ತಡಿ ತಂದು ಹಾಕಿದ್ದೀಯ. ಹೆಗಲ ಮೂಳೆಯ ಹಿಂದೆ ಅಂಗೈ ತೂರಿಸಿ ನೋಡು, ಸಿಕ್ಕಿಕೊಂಡರೆ ಅವಳ ಹೆಗಲಿಗೂ ಹಾಗೇ ಸಿಕ್ಕಿಕೊಂಡಿರುತ್ತದೆ. ಪಶುವೈದ್ಯರನ್ನು ಕರೆಸಿ ಹಲ್ಲು, ಬೆನ್ನು, ಹಿಂಗಾಲಿನ ಕೀಲು ತೋರಿಸು. ಹಿಂಗಾಲಿನ ಮಂಡಿಚಿಪ್ಪು ಸಿಕ್ಕಿಹಾಕಿಕೊಳ್ಳುವ ತೊಂದರೆ ಇದ್ದರೆ ಕ್ಯಾಂಟರ್‌ಗೆ ಏಳುವ ಗಳಿಗೆಯಲ್ಲೇ ಅದು ಕೈಕೊಡುವುದು. ಲಾಳ ಹಗುರವಿರಲಿ, ಗೊರಸು ತುಂಬ ಬೆಳೆಯಲು ಬಿಡಬೇಡ. ವಯಸ್ಸಿನ ವಿಷಯದಲ್ಲಿ ನಿನಗೆ ಚಿಂತೆಯಿಲ್ಲ, ಅವಳಿಗೆ ಆರು ತುಂಬಿದೆ. ಎಳೆಯ ಕುದುರೆಯ ಮೇಲೆ ಇದನ್ನೆಲ್ಲ ಮಾಡಬಾರದು. ಕಾಲಿನ ಮೂಳೆ ಬಲಿತ ಎಷ್ಟೋ ದಿನದ ಮೇಲೆ ಬೆನ್ನುಮೂಳೆ ಬಲಿಯುವುದು.

ಇನ್ನು ಕೆಲಸ. ಸರ್ವೆ ಗಳ ಒಂದಾರು ತರಿಸು, ಕಟ್ಟಡ ಕಟ್ಟುವವರ ಹತ್ತಿರ ಹಳೆಯವೇ ಸಿಗುತ್ತವೆ, ಹತ್ತಡಿ ಉದ್ದ ಸಾಕು. ದುಂಡಗಿನ ಗಳ ಗೊರಸಿನಡಿ ಉರುಳಿದರೆ ಕುದುರೆಯ ಕಾಲು ತಿರುಚುತ್ತದೆ, ಹಾಗಾಗಿ ಎರಡೂ ತುದಿಗೆ ಮರಳು ಚೀಲದ ಒತ್ತು ಕೊಟ್ಟು ಅಲುಗದಂತೆ ಮಾಡು. ನಡೆಸುವಾಗ ಗಳಗಳ ನಡುವೆ 2.5ರಿಂದ 3 ಅಡಿ. ಅವಳು ತಲೆ ಇಳಿಸಿ, ನೋಡಿಕೊಂಡು, ಒಂದೊಂದೇ ಕಾಲೆತ್ತಿ ದಾಟಬೇಕು. ಪಕ್ಕದ ಎರಡು ಕಾಲನ್ನು ಒಟ್ಟಿಗೆ ಎತ್ತುವ ಕುದುರೆ ಗಳದ ಮೇಲೆ ಎಡವುತ್ತದೆ. ಎಡವಿ ಎಡವಿ ತಾನೇ ಕಾಲು ಬಿಡಿಸಿಕೊಳ್ಳಲು ಕಲಿಯುತ್ತದೆ. ಬೈಯುವ ಕೆಲಸ ನಿನಗಿಲ್ಲ, ಗಳವೇ ಮಾಡುತ್ತದೆ. ಇದು ಸಲೀಸಾದ ಮೇಲೆ ಅಂತರವನ್ನು 4 ಅಡಿಗೆ ಹಿಗ್ಗಿಸಿ ಸ್ವಲ್ಪ ಚುರುಕಾಗಿ ಕಳಿಸು. ಒಂದು ದಿನ ಮೂರು ಹೆಜ್ಜೆ ಟ್ರಾಟ್ ಬರುತ್ತದೆ. ಕುಲುಕು ಬಂತಲ್ಲ ಎಂದು ಬೇಜಾರಾಗಬೇಡ, ಆ ಕುಲುಕೇ ನಮಗೆ ಬೇಕಾದದ್ದು. ಓರೆಜೋಡಿ ಬಂತು ಎಂದು ಅರ್ಥ.

ಹಿಂದಕ್ಕೆ ನಡೆಸುವುದನ್ನೂ ಮರೆಯಬೇಡ. ಕುದುರೆ ಸರಿಯಾಗಿ ಹಿಂದೆ ಸರಿಯುವಾಗ ಕಾಲಿಡುವುದು ಓರೆಜೋಡಿಯಲ್ಲೇ. ನಾಲ್ಕೇ ಹೆಜ್ಜೆ, ಲಗಾಮು ಎಳೆಯದೆ, ಎದೆಗೆ ಬೆರಳು ತಾಗಿಸಿ. ಆಮೇಲೆ ನಿಲ್ಲಿಸದೆ ಮುಂದಕ್ಕೆ.

ಉದ್ದ ಹಗ್ಗದ ಮೇಲೆ ಸುತ್ತು ತಿರುಗಿಸುವಾಗ ವೃತ್ತ ದೊಡ್ಡದಿರಲಿ, ಅಡ್ಡಳತೆ 20 ಮೀಟರಿಗೆ ಕಡಿಮೆ ಬೇಡ. ನಿನ್ನ ಲಾಯದ ಆಳು ಸಣ್ಣ ಸುತ್ತಿನಲ್ಲಿ ಗರಗರ ತಿರುಗಿಸುತ್ತಾನೆ. ಹಾಗೆ ಮಾಡಿದರೆ ಮುಂಗಾಲು ಒಂದು ಕಡೆಯ ಕ್ಯಾಂಟರ್, ಹಿಂಗಾಲು ಇನ್ನೊಂದು ಕಡೆಯದು ಮಾಡುವ ಚಾಳಿ ಹತ್ತುತ್ತದೆ. ರೇವಾಲ್ ಕುದುರೆಗೆ ಮೊದಲೇ ಆ ಕಡೆ ಒಲವು. ಇಲ್ಲಿ ಅವಳಿಗೆ ಒಂದು ಶಬ್ದ ಕಲಿಸು. ಯಾವುದಾದರೂ ಸರಿ, ಆದರೆ ರೇವಾಲ್‌ಗೆ ಅವಳು ಕೇಳಿ ಬೆಳೆದ ಚಪ್ಪರಿಸುವ ಸದ್ದು ಮಾತ್ರ ಬೇಡ. ‘ಕ್ಯಾನ್–ಟರ್’ ಎಂದು ಎರಡನೆಯ ಅಕ್ಷರ ಎತ್ತಿ ಹೇಳು. ಹಗ್ಗದ ಮೇಲೆ ಆ ಮಾತಿಗೆ ತಪ್ಪದೆ ಏಳುವ ತನಕ ತಡಿಗೆ ಹತ್ತಬೇಡ. ಬೆನ್ನ ಮೇಲೆ ಕೂತಾಗ ನಿನ್ನ ಕಾಲೂ ಸೊಂಟವೂ ಅವಳಿಗೆ ಹೊಸ ಭಾಷೆ ಆಡುತ್ತಿರುತ್ತವೆ, ಆಗ ಈ ಹಳೆಯ ಶಬ್ದವೊಂದೇ ಪರಿಚಯದ್ದು.

ಹತ್ತುವ ದಿನ ಬಂದಾಗ ಜಾಗ ಆರಿಸಿಕೊ. ತೋಟದ ಪಕ್ಕದ ಟಾರು ರಸ್ತೆ ಖಂಡಿತ ಬೇಡ. ಗೊರಸಿನ ಸದ್ದು ಕೇಳಲು ಚೆಂದ, ಕೀಲಿಗೆ ಕೇಡು. ಸ್ವಲ್ಪ ಏರು ಇರುವ ಮೆತ್ತನೆಯ ಮಣ್ಣುದಾರಿ ಬೇಕು. ಏರಿನಲ್ಲಿ ಹಿಂಗಾಲು ತಾನಾಗಿ ಮೈ ಕೆಳಗೆ ಬಂದು ನೂಕುತ್ತದೆ, ರೇವಾಲ್ ಹಿಡಿದಿಡುವುದು ಕಷ್ಟವಾಗುತ್ತದೆ, ಕ್ಯಾಂಟರ್ ಸುಲಭವಾಗುತ್ತದೆ. ಗೆಳತಿಯ ಮುದಿಗುದುರೆಯನ್ನು ಮುಂದೆ ಬಿಟ್ಟುಕೊ. ಅದು ಹದವಾಗಿ ಕ್ಯಾಂಟರ್‌ಗೆ ಎದ್ದರೆ ಇವಳಿಗೂ ಏಳಬೇಕೆನಿಸುತ್ತದೆ.

ಇಲ್ಲಿ ಎಲ್ಲರೂ ಅವಸರ ಮಾಡುವುದು. ರೇವಾಲ್‌ನಿಂದ ಕೇಳಬೇಡ. ನಡೆಯಿಂದ ಕೇಳು, ಅಥವಾ ಅವಳು ಕಲಿತ ಆ ಸಣ್ಣ ಟ್ರಾಟ್‌ನಿಂದ. ನಡೆಯುವಾಗ ನಿನ್ನ ಸೊಂಟದ ಎರಡು ಪಕ್ಕ ಸರದಿಯಲ್ಲಿ ಇಳಿದು ಏಳುತ್ತಿರುತ್ತವೆ, ಗಮನಿಸಿದ್ದೀಯಾ? ಹೊರಗಿನ ಪಕ್ಕ ಇಳಿದಾಗ ಅವಳ ಹೊರಗಿನ ಹಿಂಗಾಲು ಮುಂದಕ್ಕೆ ಬೀಸುತ್ತಿದೆ ಎಂದು ತಿಳಿ. ಕ್ಯಾಂಟರ್‌ನ ಮೊದಲ ಪೆಟ್ಟು ಬೀಳಬೇಕಾದದ್ದು ಅದೇ ಕಾಲಿನಿಂದ. ಆ ಪಕ್ಕ ಇಳಿದು ಇನ್ನೇನು ಏಳಬೇಕು ಅನ್ನುವಾಗ ನಿನ್ನ ಹೊರಗಾಲನ್ನು ಹೊಟ್ಟೆಪಟ್ಟಿಗಿಂತ ಒಂದು ಗೇಣು ಹಿಂದೆ ಸರಿಸಿ ಮೆಲ್ಲಗೆ ತಾಗಿಸು. ಒಳಗಾಲು ಹೊಟ್ಟೆಪಟ್ಟಿಯ ಹತ್ತಿರವೇ ಇರಲಿ. ಒಳಲಗಾಮು ಸಡಿಲ, ಒಳಮುಂಗಾಲು ಚಾಚಲು ಜಾಗ ಬೇಕಲ್ಲ. ಅದೇ ಉಸಿರಿಗೆ ಹಗ್ಗದ ಮೇಲಿನ ಶಬ್ದ. ಅಷ್ಟೇ. ಒದೆಯುವುದು, ಮುಂದಕ್ಕೆ ಬಾಗಿ ಸೊಂಟದಿಂದ ತಳ್ಳುವುದು, ಹಿಂದೆ ಯಾರಾದರೂ ಚಾವಟಿ ಬೀಸುವುದು, ಯಾವುದೂ ಬೇಡ.

ಉತ್ತರವಾಗಿ ಅವಳು ರೇವಾಲ್‌ಗೆ ಏರಿದರೆ? ಏರುತ್ತಾಳೆ, ಮೊದಲ ವಾರವೆಲ್ಲ ಅದೇ ಆಗುವುದು. ಬೆನ್ನಟ್ಟಿ ಹೋಗಬೇಡ. ಉಸಿರು ಬಿಟ್ಟು, ಬೆನ್ನು ನೆಟ್ಟಗೆ ಮಾಡಿ, ನಡೆಗೆ ಇಳಿಸು. ಕೆಲವು ಹೆಜ್ಜೆ ನಡೆಸಿ ಮತ್ತೆ ಕೇಳು. ಜೋರಾಗಿ ಹೋಗುವುದು ನಾನು ಕೇಳಿದ ಉತ್ತರ ಅಲ್ಲ ಎಂಬುದನ್ನು ಅವಳಿಗೆ ಹೇಳುವ ದಾರಿ ಇದೊಂದೇ. ಸಿಟ್ಟಿನಿಂದ ಹೇಳಿದರೆ ಹಳೆಯ ಬಾಯಿನೋವು ನೆನಪಾಗುತ್ತದೆ, ಎಲ್ಲ ಮೊದಲಿನಿಂದ.

ಮೊದಲ ಸಲ ಅವಳು ನಿಜವಾಗಿ ಎದ್ದಾಗ ನಿನ್ನ ಮೈ ಹಿಂದಕ್ಕೆ ಒಗೆದ ಹಾಗಾಗುತ್ತದೆ, ಕೈ ತಾನಾಗಿ ಲಗಾಮನ್ನು ಹಿಡಿದೆಳೆಯುತ್ತದೆ. ಎಷ್ಟೋ ದಿನದ ಕೆಲಸ ಆ ಒಂದು ಜಗ್ಗಿನಲ್ಲಿ ಮಣ್ಣುಪಾಲಾಗಬಹುದು. ಅದಕ್ಕೇ ಅವಳ ಕತ್ತಿನ ಬುಡಕ್ಕೆ ಒಂದು ಹಳೆಯ ರಿಕಾಬು ಪಟ್ಟಿ ಕಟ್ಟು, ಕೇಳುವ ಮೊದಲೇ ಒಂದು ಕೈಯ ಎರಡು ಬೆರಳು ಅದರೊಳಗೆ ತೂರಿಸಿರು. ಬೀಳುವಂತಾದರೆ ಆ ಪಟ್ಟಿ ಎಳೆ, ಜೂಲು ಹಿಡಿ, ಬಾಯಿಯ ತಂಟೆಗೆ ಹೋಗಬೇಡ. ತಡಿಯಿಂದ ಚೂರು ಎದ್ದು ಬೆನ್ನು ಹಗುರ ಮಾಡಿಕೊಡು. ಕ್ಯಾಂಟರ್‌ನಲ್ಲಿ ಅವಳ ತಲೆ ಮೇಲೆ ಕೆಳಗೆ ಆಡುತ್ತದೆ, ಕೈ ಅದರ ಜೊತೆ ಹೋಗಲಿ. ರೇವಾಲ್‌ನಲ್ಲಿ ತಲೆ ನಿಂತಲ್ಲೇ ಇರುತ್ತಿತ್ತು, ಹಾಗಾಗಿ ನಿನ್ನ ಕೈಗೂ ನಿಂತಲ್ಲೇ ಇದ್ದು ಅಭ್ಯಾಸ. ಕಲಿಯಬೇಕಾದದ್ದು ಅವಳೊಬ್ಬಳೇ ಅಲ್ಲ.

ನಾಲ್ಕೈದು ಹೆಜ್ಜೆ ಬಂತೋ, ಅವಳಾಗಿ ಮುರಿಯುವ ಮೊದಲು ನೀನೇ ನಡೆಗೆ ಇಳಿಸು. ಕತ್ತು ತಟ್ಟು, ಇಳಿದುಬಿಡು, ಹೊಟ್ಟೆಪಟ್ಟಿ ಸಡಿಲಿಸಿ ಲಾಯಕ್ಕೆ ಕರೆದುಕೊಂಡು ಹೋಗು. ‘ಬಂತಲ್ಲ, ಇನ್ನೊಂದು ಸಲ’ ಅನ್ನುವ ಆಸೆ ಬರುತ್ತದೆ. ಆ ಇನ್ನೊಂದು ಸಲದಲ್ಲೇ ಕುದುರೆ ದಣಿದು ಪಕ್ಕಜೋಡಿಗೆ ಬೀಳುವುದು, ದಿನದ ಕೊನೆಯ ನೆನಪೂ ಅದೇ ಆಗುವುದು.

ಬಂದದ್ದು ಸರಿಯೋ ತಪ್ಪೋ ತಿಳಿಯಲು ಪ್ರತಿಸಲ ವಿಡಿಯೊ ಬೇಕಿಲ್ಲ. ನಿನ್ನ ಮೈ ಹಿಂದೆ ಮುಂದೆ ತೂಗಿದರೆ ಮೂರು ಪೆಟ್ಟು. ಎಡ ಬಲ ಅಲುಗಿದರೆ ಪಕ್ಕಜೋಡಿ ಒಳಗೆ ನುಸುಳಿದೆ. ಸೊಂಟದಿಂದ ಕೆಳಗೆ ಒಂದು ದಿಕ್ಕು, ಮೇಲೆ ಒಂದು ದಿಕ್ಕು ತಿರುಚಿದ ಹಾಗಾದರೆ ಮುಂಗಾಲು ಹಿಂಗಾಲು ಬೇರೆ ಬೇರೆ ಕ್ಯಾಂಟರ್ ಮಾಡುತ್ತಿವೆ. ಅದನ್ನು ಓಡುತ್ತ ಓಡುತ್ತ ಸರಿಪಡಿಸಲು ಹೋಗದೆ ಇಳಿಸಿ ಮತ್ತೆ ಕೇಳು. ಎಡ ಬಲ ಅಲುಗುವ ಕ್ಯಾಂಟರ್‌ಗೆ ಔಷಧಿ ಮತ್ತೆ ಆ ಸರ್ವೆ ಗಳಗಳೇ. ಈ ಸಲ ಒಂದೇ ಗಳ, ನೆಲದಿಂದ ಅರ್ಧ ಅಡಿ ಎತ್ತರಿಸಿ. ಅದರ ಮೇಲೆ ಕುಪ್ಪಳಿಸಿ ಇಳಿದ ಹೆಜ್ಜೆಯಲ್ಲಿ ಕ್ಯಾಂಟರ್ ಶುದ್ಧವಾಗಿರುತ್ತದೆ. ಕ್ಯಾಂಟರ್ ನಿಂತ ಮೇಲೆ 9ರಿಂದ 10 ಅಡಿ ಅಂತರದಲ್ಲಿ ಮೂರು ಗಳ ಇಡಬಹುದು, ಅವಳ ಹೆಜ್ಜೆ ಅಳೆದು ಹೊಂದಿಸಿಕೊ.

ಊರವರ ಸಲಹೆಗಳ ಬಗ್ಗೆ ಒಂದು ಮಾತು. ಹುರುಳಿ ಜಾಸ್ತಿ ಹಾಕು, ಕುದುರೆ ತಾನೇ ಹಾರುತ್ತದೆ ಅನ್ನುವವರು ಸಿಗುತ್ತಾರೆ. ಹಾರುತ್ತದೆ, ಸಂಶಯವೇ ಇಲ್ಲ. ಎಲ್ಲಿಗೆ ಎಂದು ಮಾತ್ರ ಕೇಳಬಾರದು. ತಲೆ ಕೆಳಗಿಳಿಸಲು ಪಟ್ಟಿ ಬಿಗಿ ಅನ್ನುವವರೂ ಸಿಗುತ್ತಾರೆ. ಇವಳು ಕತ್ತೆತ್ತಿ ಹೋಗುವುದು ತಳಿಯ ಲಕ್ಷಣ ಸ್ವಲ್ಪ, ಬೆನ್ನು ಕುಸಿದದ್ದರ ಲಕ್ಷಣ ಸ್ವಲ್ಪ. ಬೆನ್ನು ಎದ್ದರೆ ಕತ್ತು ತಾನಾಗಿ ಇಳಿಯುತ್ತದೆ. ಹಗ್ಗ ಕಟ್ಟಿ ಇಳಿಸಿದ ಕತ್ತಿನ ಹಿಂದೆ ಬೆನ್ನು ಕುಸಿದೇ ಇರುತ್ತದೆ.

ಒಂದು ಕಡೆ ಬೇಗ ಬರುತ್ತದೆ, ಇನ್ನೊಂದು ಕಡೆ ತಿಂಗಳುಗಟ್ಟಲೆ ಸತಾಯಿಸುತ್ತದೆ. ಸುಲಭದ ಕಡೆಯಿಂದ ಶುರು ಮಾಡು, ಆದರೆ ಅಲ್ಲೇ ಮನೆ ಮಾಡಿಕೊಳ್ಳಬೇಡ. ಕಷ್ಟದ ಕಡೆಗೆ ಮೂಲೆ ತಿರುಗುವಾಗ ಕೇಳಿದರೆ ಅರ್ಧ ಕೆಲಸ ಮೂಲೆಯೇ ಮಾಡುತ್ತದೆ. ಮಳೆ ಬಿದ್ದ ಮಾರನೆಯ ದಿನ ನಿಮ್ಮ ಕೆಂಪುಮಣ್ಣಿನ ಏರಿನ ಮೇಲೆ ಯಾವ ಕಡೆಯೂ ಬೇಡ, ಗಳಗಳ ಮೇಲೆ ನಡೆಸಿದರೆ ಆಯಿತು.

ರೇವಾಲ್ ವಿಷಯ. ಕಲಿಕೆಯ ಮೊದಲ ತಿಂಗಳುಗಳಲ್ಲಿ ಒಂದೇ ದಿನ ಎರಡನ್ನೂ ಕೇಳಬೇಡ. ರೇವಾಲ್‌ಗೆ ಬೇರೆ ದಿನ ಇಟ್ಟುಕೊ, ಪೂರ್ತಿ ಬಿಡಲೂ ಬೇಡ. ಕೂರುವ ರೀತಿಯೂ ಬೇರೆ ಬೇರೆ ಇರಲಿ. ರೇವಾಲ್‌ಗೆ ಬೆನ್ನು ನೆಟ್ಟಗೆ, ಕೈ ಕೊಂಚ ಮೇಲೆ, ಎರಡೂ ಕಾಲು ಸಮ, ಅವಳಿಗೆ ಗೊತ್ತಿರುವ ಚಪ್ಪರಿಕೆ. ಕ್ಯಾಂಟರ್‌ಗೆ ಕೈ ಕೆಳಗೆ, ಹೊರಗಾಲು ಹಿಂದೆ, ನಿನ್ನ ಹೊಸ ಶಬ್ದ. ಎರಡರ ನಡುವೆ ಅನುಮಾನಕ್ಕೆ ಎಡೆಯಿಲ್ಲದಿದ್ದರೆ ಯಾವುದೂ ಯಾವುದನ್ನೂ ಕೆಡಿಸುವುದಿಲ್ಲ. ರೇವಾಲ್‌ನಿಂದ ನೇರ ಕ್ಯಾಂಟರ್‌ಗೆ ಏರಿಸುವುದು ಎಲ್ಲಕ್ಕಿಂತ ಕೊನೆಯ ಪಾಠ. ನಡೆಯಿಂದ ಎರಡೂ ಕಡೆಗೆ, ಏರು ಇಲ್ಲದ ನೆಲದಲ್ಲಿ, ಮುಂದೆ ಬೇರೆ ಕುದುರೆ ಇಲ್ಲದೆ ಸಲೀಸಾಗಿ ಬರುವ ತನಕ ಅದಕ್ಕೆ ಕೈ ಹಾಕಬೇಡ. ಕೈ ಹಾಕಿದ ದಿನವೂ ಮೊದಲು ರೇವಾಲ್‌ನ ವೇಗ ಅರ್ಧಕ್ಕೆ ಇಳಿಸು, ಆಮೇಲೆ ಕೇಳು.